ಹಿಡಿಯಿಲ್ಲದ ಕುರ್ಚಿ

ಹೊಸೂರು
11 ಜೂನ್ 2024

ವೆಂಕಟಲಕ್ಷ್ಮಿಯವರಿಗೆ,

ನನ್ನ ಹೆಸರು ಕೊಂಡಪ್ಪ. ಬಾಗಲೂರು ರಸ್ತೆಯ ಪಕ್ಕದ ಓಣಿಯಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ಡು ಇದೆ. ಮೊದಲು ಕಾರ್ಖಾನೆಗಳಿಗೆ ಕಬ್ಬಿಣದ ಸ್ಟ್ಯಾಂಡು ಮಾಡಿಕೊಡುತ್ತಿದ್ದೆ. ಈಗ ಕೆಲವು ವರ್ಷಗಳಿಂದ ಕೈಯಲ್ಲಿ ತುಳಿಯುವ ಸೈಕಲ್ಲು, ಒಂದೇ ಕೈಯಿದ್ದವರು ಓಡಿಸುವ ಸ್ಕೂಟರು, ಕಲ್ಲುಮಣ್ಣಿನ ದಾರಿಯಲ್ಲಿ ಹೋಗುವ ಗಾಲಿಕುರ್ಚಿ, ಇಂಥವನ್ನು ಮಾಡುತ್ತೇನೆ. ಸ್ಟ್ಯಾಂಡಿನಲ್ಲಿ ಲಾಭ ಜಾಸ್ತಿ ಇತ್ತು. ಆದರೆ ಸ್ಟ್ಯಾಂಡು ಯಾವತ್ತೂ ವಾಪಸ್ಸು ಬಂದು ಚೆನ್ನಾಗಿದೆ ಅನ್ನಲಿಲ್ಲ.

ನಿನ್ನೆ ನಿಮ್ಮ ತಂದೆ ಮುನಿವೆಂಕಟಪ್ಪನವರು ಬಂದಿದ್ದರು. ಕೆಲಮಂಗಲದಿಂದ ಬಸ್ಸಿನಲ್ಲಿ ಒಂದು ಸೆಣಬಿನ ದಾರ ಸುತ್ತಿಕೊಂಡು ಬಂದಿದ್ದರು. ದಾರದಲ್ಲಿ ಗಂಟುಗಳು. ಒಂದು ನಿಮ್ಮ ಸೊಂಟದ ಅಗಲವಂತೆ, ಇನ್ನೊಂದು ತೊಡೆಯ ಉದ್ದವಂತೆ. ಬೆನ್ನಿನದೆಲ್ಲಿ ಅಂದರೆ "ಬಸ್ಸಲ್ಲಿ ಬಿಚ್ಕೊಂಡೋಯ್ತೇನೋ" ಅಂದರು. ಅಳತೆ ತಪ್ಪಾಗಿ ತಂದವರನ್ನು ಬಹಳ ನೋಡಿದ್ದೇನೆ. ದಾರಿಯಲ್ಲಿ ಉದುರಿಸಿಕೊಂಡು ಬಂದವರು ಇವರೇ ಮೊದಲು.

ನಾನು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಕೊಟ್ಟರು.

"ಅವರು ಎಲ್ಲಿಗೆ ಹೋಗ್ಬೇಕಂತಾರೆ?"

"ಎಲ್ಲಿಗೋಗ್ತಾಳೆ? ನಾನ್ ಕರ್ಕೊಂಡೋದ್ ಕಡೀಕೆ."

"ಕೈಯಲ್ಲಿ ಶಕ್ತಿ ಅಯ್ತಾ?"

"ಅದ್ಯಾತಕ್ಕೆ? ನಾನಿದೀನಲ್ಲ ತಳ್ಳಾಕೆ."

ಫೋನು ಮಾಡಿದರೂ ಅವರೇ ಎತ್ತುತ್ತಾರೆ. ಅದಕ್ಕೇ ಈ ಕಾಗದ. ಕೂರುವವರು ನೀವು. ಕೂರುವವರನ್ನು ಕೇಳದೆ ಪೈಪು ಕತ್ತರಿಸಿದರೆ ಅದು ಮತ್ತೆ ಯಾರ ಅಳತೆಗೂ ಬರುವುದಿಲ್ಲ.

ನಾನು ಓದಿದ್ದು ಇಲ್ಲಿನ ಕನ್ನಡ ಶಾಲೆಯಲ್ಲಿ. ಬಿಲ್ಲು ಬರೆಯುವುದು ತಮಿಳಿನಲ್ಲಿ, ಬೈಯುವುದು ತೆಲುಗಿನಲ್ಲಿ. ನನ್ನ ಕನ್ನಡಕ್ಕೆ ಈಚೆಗೆ ಕೆಲಸ ಕಡಿಮೆ. ನೀವು ಉತ್ತರ ಬರೆದರೆ ಅದಕ್ಕೂ ಒಂದಷ್ಟು ಕೆಲಸ ಸಿಕ್ಕೀತು.

ಇಂತಿ,
ಕೊಂಡಪ್ಪ


ಕೆಲಮಂಗಲದ ಹತ್ತಿರದಿಂದ
17 ಜೂನ್ 2024

ಕೊಂಡಪ್ಪನವರಿಗೆ,

ಅಳತೆಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದಿದ್ದೇನೆ. ಅಮ್ಮ ಟೇಪು ಹಿಡಿದಳು, ನಾನು ಓದಿದೆ. ದಾರವನ್ನು ಬಿಸಾಡಿ.

ಮೊನ್ನೆ ಅಪ್ಪನ ಫೋನಿನಲ್ಲಿ ನಿಮ್ಮ ಮಾತು ನನಗೂ ಕೇಳಿಸಿತು. ಅಪ್ಪ ಎತ್ತದೆ ನಾನೇ ಎತ್ತಿದ್ದರೂ ಏನೂ ಉಪಯೋಗವಿರುತ್ತಿರಲಿಲ್ಲ. ನೀವು ಉಸಿರು ಬಿಡದೆ ಮಾತಾಡುತ್ತೀರಿ. ಕಾಗದದಲ್ಲಾದರೆ ನನಗೂ ಸರದಿ ಬರುತ್ತದೆ.

ಆರು ವರ್ಷದ ಹಿಂದೆ ಸೊಪ್ಪಿನ ಹೊರೆ ಹೊತ್ತು ಹಳ್ಳದ ಕಲ್ಲುಕಟ್ಟೆಯಿಂದ ಜಾರಿದೆ. ಸೊಂಟದಿಂದ ಕೆಳಗೆ ಬಿಸಿ, ಮುಳ್ಳು, ಒದ್ದೆ, ಯಾವುದೂ ತಿಳಿಯುವುದಿಲ್ಲ. ಕೈಗಳು ಗಟ್ಟಿ ಇವೆ.

ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದೀರಿ. ಇದುವರೆಗೆ ಯಾರೂ ಕೇಳಿರಲಿಲ್ಲವಾದ್ದರಿಂದ ಉತ್ತರವನ್ನು ಸರಿಯಾಗಿ ಬರೆಯುತ್ತೇನೆ. ಹಳ್ಳದಾಚೆ ನಮ್ಮ ಹಿಪ್ಪುನೇರಳೆ ತೋಟವಿದೆ. ಮನೆಯಲ್ಲಿ ರೇಷ್ಮೆ ಹುಳು ಸಾಕುವುದು ನಾನು. ತಟ್ಟೆ ಬದಲಿಸುವುದು, ಸೊಪ್ಪು ಹಾಕುವುದು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು, ಎಲ್ಲವನ್ನೂ ಕೂತೇ ಮಾಡುತ್ತೇನೆ. ಆದರೆ ಸೊಪ್ಪು ಕೊಯ್ದು ತರುವುದು ಅಪ್ಪ. ಅವರಿಗೆ ಸೊಪ್ಪೆಂದರೆ ಸೊಪ್ಪು. ಮರಿ ಹುಳುವಿಗೆ ಎಳೆಯದು, ದೊಡ್ಡದಕ್ಕೆ ಬಲಿತದ್ದು, ಹಳದಿ ತಿರುಗಿದ್ದು ಯಾವುದಕ್ಕೂ ಬೇಡ ಎಂದು ದಿನಾ ಹೇಳಿದರೆ ದಿನಾ ತಲೆಯಾಡಿಸುತ್ತಾರೆ. ಹೋದ ಬೆಳೆಯಲ್ಲಿ ಅರ್ಧ ಹುಳು ಗೂಡು ಕಟ್ಟದೆ ಸತ್ತವು.

ಈಗ ಅವರ ಮಂಡಿಯೂ ನೋಯುತ್ತಿದೆ. "ನನ್ ಮಂಡಿ ಹೋಯ್ತು, ನಿನ್ ಕಾಲು ಹೋಯ್ತು, ತ್ವಾಟ ಯಾರಮ್ಮ ನೋಡೋರು" ಎಂದು ಬರುವ ಯುಗಾದಿಯಿಂದ ತೋಟವನ್ನು ದೊಡ್ಡಪ್ಪನ ಮಗ ದೇವರಾಜುವಿಗೆ ಗುತ್ತಿಗೆ ಕೊಡುತ್ತಾರಂತೆ. ಅವನು ಸೊಪ್ಪು ಮಾರಿಕೊಳ್ಳುತ್ತಾನೆ. ತೋಟ ಹೋದರೆ ಹುಳು ಇಲ್ಲ. ಹುಳು ಹೋದರೆ ನಾನು ಜಗುಲಿಯ ಮೇಲೆ ಕೂತವಳು, ಅಷ್ಟೇ.

ಆದ್ದರಿಂದ ನಾನೊಬ್ಬಳೇ ತೋಟಕ್ಕೆ ಹೋಗಿ ಬರುವಂಥ ಕುರ್ಚಿ ಬೇಕು. ಹಿಂದುಗಡೆ ತಳ್ಳುವ ಹಿಡಿ ಬೇಡ. ಆಸ್ಪತ್ರೆಯವರು ಕೊಟ್ಟ ಕುರ್ಚಿಗೆ ಹಿಡಿ ಇದೆ. ಹೋದ ವರ್ಷ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಸಾಂಬಾರಿನ ಕೊಳಗ ಬರಬೇಕಿತ್ತಂತೆ. ಯಾರೋ ಹಿಂದಿನಿಂದ ಬಂದು ನನ್ನನ್ನು ಎಲೆಯಿಂದ ಸರಿಸಿ ಗೋಡೆಯ ಹತ್ತಿರ ಇಟ್ಟರು. ಕೈಯಲ್ಲಿ ತುತ್ತು ಹಾಗೇ ಇತ್ತು.

ವೆಂಕಟಲಕ್ಷ್ಮಿ


ಹೊಸೂರು
2 ಆಗಸ್ಟ್ 2024

ವೆಂಕಟಲಕ್ಷ್ಮಿಯವರಿಗೆ,

ಈ ಕಾಗದ ತಂದಿರುವವನು ಮುನೀಶ್, ನಮ್ಮ ವೆಲ್ಡರ್. ಆಟೋದಿಂದ ಇಳಿಸುತ್ತಿರುವುದು ನಿಮ್ಮ ಕುರ್ಚಿ. ಗಾಲಿಗೆ ಬೆಟ್ಟದ ಸೈಕಲ್ಲಿನ ದಪ್ಪ ಟೈರು ಹಾಕಿದ್ದೇನೆ. ಮುಂದುಗಡೆ ಉದ್ದ ಚಾಚಿಕೊಂಡಿರುವ ಮೂರನೇ ಗಾಲಿ ಹಳ್ಳಕೊಳ್ಳ ದಾಟಲಿಕ್ಕೆ. ಎರಡೂ ಪಕ್ಕದ ಸನ್ನೆಗೋಲುಗಳನ್ನು ಮುಂದಕ್ಕೆ ತಳ್ಳಿದರೆ ಗಾಡಿ ಹೋಗುತ್ತದೆ, ಒಳಗೆ ಎಳೆದರೆ ಬ್ರೇಕು. ನೀವು ಹಾಳೆಯಲ್ಲಿ ಬರೆದ ಬದುವಿನ ದಾರಿಯ ಅಗಲಕ್ಕಿಂತ ನಾಲ್ಕು ಬೆರಳು ಕಡಿಮೆ ಇದೆ. ಮುನೀಶ್ ಇದರಲ್ಲಿ ಕೂತು ಬಾಗಲೂರು ರಸ್ತೆಯ ಜಲ್ಲಿಯ ಮೇಲೆಲ್ಲ ಓಡಾಡಿದ್ದಾನೆ. "ಅಣ್ಣ, ಸಿಂಹಾಸ್ನ ಇದ್ದಂಗಯ್ತೆ" ಅಂದ.

ಹಿಂದೆ ತಿರುಗಿ ನೋಡಿದರೆ ನಿಮಗೆ ಕೋಪ ಬರುತ್ತದೆ. ಹಿಡಿ ಇದೆ. ನಿಮ್ಮ ತಂದೆ ಬಂದು ಶೆಡ್ಡಿನಲ್ಲಿ ಕೂತುಬಿಟ್ಟರು. "ಹಿಡಿ ಇಲ್ದಿರ ಕುರ್ಚಿ ಯಾವೂರ್ ಕುರ್ಚಿ? ಮಗಳು ಬಿದ್ರೆ ಎಲ್ಲಿ ಹಿಡ್ಕೊಳ್ಳಿ ನಾನು?" ನಾನು ಮಾತಿನಲ್ಲಿ ಯಾರಿಗೂ ಸೋತವನಲ್ಲ. ಆದರೆ ಅವರು ಮಾತಾಡಲಿಲ್ಲ, ಅತ್ತರು. ಅಳುವವರ ಹತ್ತಿರ ವ್ಯಾಪಾರ ಮಾಡುವುದನ್ನು ನಾನು ಕಲಿತಿಲ್ಲ.

ಒಂದು ತಿಂಗಳು ಓಡಿಸಿ ನೋಡಿ. ಆಮೇಲೆ ಹೇಳಿ.

ನಿಮ್ಮ,
ಕೊಂಡಪ್ಪ


19 ಆಗಸ್ಟ್ 2024

ಕೊಂಡಪ್ಪಣ್ಣನವರಿಗೆ,

ಗಾಡಿ ಹೋಗುತ್ತದೆ. ಕಲ್ಲಿನ ಮೇಲೂ ಹೋಗುತ್ತದೆ, ಉತ್ತ ಹೊಲದಲ್ಲೂ ಹೋಗುತ್ತದೆ. ಆರು ವರ್ಷವಾದ ಮೇಲೆ ಹಳ್ಳ ದಾಟಿದೆ. ನಾನು ನೆಟ್ಟ ಗಿಡಗಳು ನನಗಿಂತ ಎತ್ತರವಾಗಿವೆ. ಯಾವ ಸಾಲಿಗೆ ಗೊಬ್ಬರ ಬಿದ್ದಿಲ್ಲ ಎನ್ನುವುದು ದೂರದಿಂದಲೇ ಕಾಣುತ್ತದೆ.

ಆದರೆ ನಾನು ದಾಟಿದೆನೋ ಅಪ್ಪ ದಾಟಿಸಿದರೋ ನನಗೆ ಗೊತ್ತಿಲ್ಲ. ಅವರು ಹಿಂದೆಯೇ ಬರುತ್ತಾರೆ, ಹಿಡಿಯ ಮೇಲೆ ಕೈಯಿಟ್ಟುಕೊಂಡು. ನಾನು ಸನ್ನೆಗೋಲು ತಳ್ಳುವಾಗ ಅವರೂ ತಳ್ಳುತ್ತಾರೆ. "ಬಿಡಪ್ಪ, ನಾನೇ ಹೋಗ್ತೀನಿ" ಅಂದರೆ "ನಾನೆಲ್ಲಿ ತಳ್ತಾ ಇದೀನಿ? ಸುಮ್ನೆ ಕೈ ಇಕ್ಕಿದೀನಿ" ಅನ್ನುತ್ತಾರೆ. ಊರವರು ನೋಡಿ "ಪಾಪ, ಈ ವಯಸ್ನಾಗೂ ಮಗಳನ್ನ ತಳ್ತಾ ಅವ್ನೆ" ಅನ್ನುತ್ತಾರೆ. ಅಪ್ಪ ಅದನ್ನೇ ಹಿಡಿದುಕೊಂಡು, ಅದಕ್ಕೇ ತೋಟ ಬೇಡ ಅನ್ನುವುದು ಅಂತಾರೆ.

ಕೈಯಲ್ಲಿ ಬೊಬ್ಬೆ ಬಂದಿದೆ. ದಾಟಿದ್ದು ನಾನೇ ಎನ್ನುವುದಕ್ಕೆ ಅದೊಂದೇ ಸಾಕ್ಷಿ.

ಹಿಡಿಯನ್ನು ಕೊಯ್ದುಹಾಕಿ.

ವೆಂಕಟಲಕ್ಷ್ಮಿ


ಹೊಸೂರು
27 ಆಗಸ್ಟ್ 2024

ತಂಗಿ ವೆಂಕಟಲಕ್ಷ್ಮಿಗೆ,

ಅಣ್ಣ ಅಂದಮೇಲೆ ತಂಗಿ ಅನ್ನುತ್ತೇನೆ, ಜಮಾ ಖರ್ಚು ಸರಿಹೋಯಿತು.

ದಸರೆ ಮುಗಿಯಲಿ. ಕಟಿಂಗ್ ಬ್ಲೇಡು ತೆಗೆದುಕೊಂಡು ನಾನೇ ಬರುತ್ತೇನೆ. ನಿಮ್ಮ ತಂದೆಯ ಎದುರಿಗೇ ಕೊಯ್ಯುತ್ತೇನೆ. ಅಲ್ಲಿಯವರೆಗೆ ದಿನಾ ಓಡಿಸಿ, ಎಷ್ಟು ಹೊತ್ತು ಬೇಕಾದರೂ ಕೂರಿ. ಗಾಡಿ ಸವೆಯಲಿಕ್ಕೇ ಇರುವುದು.

ಕೊಂಡಪ್ಪ


ಹೊಸೂರು
21 ಅಕ್ಟೋಬರ್ 2024

ತಂಗಿಗೆ,

ಎರಡು ಕಾಗದಕ್ಕೆ ಉತ್ತರವಿಲ್ಲ. ಫೋನು ಮಾಡಿದರೆ ನಿಮ್ಮ ತಂದೆ ನನ್ನ ದನಿ ಕೇಳಿ ಕಟ್ ಮಾಡುತ್ತಾರೆ. ಮುನೀಶನನ್ನು ಕಳಿಸಿದೆ. ಬಾಗಿಲು ಹಾಕಿತ್ತಂತೆ. ಕುರ್ಚಿ ದನದ ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ಬಿದ್ದಿತ್ತಂತೆ.

ಏನಾಯಿತು?

ಕೊಂಡಪ್ಪ


ಕೃಷ್ಣಗಿರಿ
29 ಅಕ್ಟೋಬರ್ 2024

ಕೊಂಡಪ್ಪಣ್ಣನಿಗೆ,

ಮಲಗಿಕೊಂಡು ಬರೆಯುತ್ತಿದ್ದೇನೆ, ಬೋರಲಾಗಿ. ಅಕ್ಷರ ಓರೆಯಾಗಿವೆ.

ನಿಮ್ಮ ಕಾಗದವನ್ನು ಅಮ್ಮ ಆಸ್ಪತ್ರೆಗೆ ತಂದುಕೊಟ್ಟಳು. ಹೋದ ತಿಂಗಳು ಸ್ನಾನ ಮಾಡಿಸುವಾಗ ಅವಳೇ ನೋಡಿದ್ದು. ಎಡಗಡೆ ಕೂರುವ ಜಾಗದಲ್ಲಿ ಚರ್ಮ ಕಪ್ಪಾಗಿತ್ತು. ನಾಲ್ಕು ದಿನಕ್ಕೆ ಒಡೆಯಿತು. ಒಳಗೆ ಮೂಳೆಯ ಹತ್ತಿರದವರೆಗೂ ಹೋಗಿದೆಯಂತೆ. ಸೀಟಿನ ಕೆಳಗೆ ಅಡ್ಡ ಹಾದುಹೋಗಿರುವ ಪೈಪು ಒತ್ತಿದೆ, ಸ್ಪಂಜು ಹೊಲದ ಕುಲುಕಾಟಕ್ಕೆ ಚಪ್ಪಟೆಯಾಗಿದೆ ಎಂದು ಡಾಕ್ಟರು ಹೇಳಿದರು. ನನಗೆ ಒಂದು ದಿನವೂ ನೋಯಲಿಲ್ಲ. ಈಗಲೂ ನೋಯುತ್ತಿಲ್ಲ. ಜ್ವರ ಮಾತ್ರ ಬಂತು, ಬಹಳ ಬಂತು. ಎರಡು ದಿನ ನಾನು ಯಾರನ್ನೂ ಗುರುತಿಸಲಿಲ್ಲವಂತೆ.

ಮನೆಯಲ್ಲಿ ಹುಳು ಇದ್ದವು. ಅಮ್ಮ ನನ್ನ ಜೊತೆ ಇಲ್ಲಿದ್ದಳು. ಅಪ್ಪ ತಟ್ಟೆಗಳನ್ನು ತಿಪ್ಪೆಗೆ ಸುರಿದರು.

ನಾನು ನಿಮ್ಮನ್ನು ಬೈಯುತ್ತಿಲ್ಲ. ಬೈಯುವ ಕೆಲಸವನ್ನು ಅಪ್ಪ ಮಾಡುತ್ತಿದ್ದಾರೆ. ತೋಟವನ್ನು ದೇವರಾಜುವಿಗೆ ಕೊಡುವುದಾಗಿ ನಾಲ್ಕು ಜನರೆದುರು ಹೇಳಿಬಿಟ್ಟಿದ್ದಾರೆ. ಕರಾರಿಗೆ ಸಹಿ ಯುಗಾದಿಯ ದಿನ.

ವೆಂಕಟಲಕ್ಷ್ಮಿ


ಹೊಸೂರು
6 ನವೆಂಬರ್ 2024

ತಂಗಿ ವೆಂಕಟಲಕ್ಷ್ಮಿಗೆ,

ಬೈದಿದ್ದರೆ ಸಲೀಸಾಗಿತ್ತು.

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಎಷ್ಟು ಹೊತ್ತು ಬೇಕಾದರೂ ಕೂರಿ ಅಂತ ಬರೆದವನು ನಾನು. ಆ ಪೈಪನ್ನು ಅಲ್ಲಿ ಬೆಸೆದವನೂ ನಾನು. ಸೀಟು ಬಿಗಿಯಾಗಿರಲಿ ಅಂತ ಹಾಕಿದ್ದು. ಬೆಸುಗೆ ನೋಡಿ ನಾನೇ ಮೆಚ್ಚಿಕೊಂಡಿದ್ದೆ.

ನಿನ್ನೆ ಮುನೀಶನನ್ನು ಅದೇ ಥರದ ಸೀಟಿನಲ್ಲಿ ಕೂರಿಸಿ ಸುಮ್ಮನೆ ನೋಡಿದೆ. ಅವನು ಹಿಂದಕ್ಕೆ ಒರಗಿದ. ಒಂದು ಕುಂಡಿಯಿಂದ ಇನ್ನೊಂದಕ್ಕೆ ಭಾರ ಹಾಕಿದ. ಕಾಲ ಮೇಲೆ ಕಾಲು ಹಾಕಿದ, ತೆಗೆದ, ತುರಿಸಿಕೊಂಡ, ಫೋನಿಗೆ ಅಂತ ಸೊಂಟ ಎತ್ತಿದ. "ಯಾಕಣ್ಣ ಹಂಗ್ ನೋಡ್ತೀಯ?" ಅಂದ. "ಯಾಕ್ಲಾ ಒಂದ್ ಕಡೆ ಕೂರಲ್ಲ?" ಅಂದೆ. "ಕೂತೇ ಇದೀನಲ್ಲಣ್ಣ" ಅಂದ. ಅವನಿಗೆ ತಾನು ಅಲುಗುತ್ತಿರುವುದು ಗೊತ್ತೇ ಇಲ್ಲ. ಕುರ್ಚಿ ಕೂರುವವರಿಗೆ ಅಂತ ಇಷ್ಟು ವರ್ಷ ಬಾಯಿ ಬಡಿದುಕೊಂಡೆ. ಆದರೆ ನಮ್ಮ ಶೆಡ್ಡಿನಲ್ಲಿ ಕೂತು ನೋಡಿದವರೆಲ್ಲ ಎದ್ದು ಹೋಗಬಲ್ಲವರು.

ನೀವು ಮತ್ತೆ ನನ್ನ ಕುರ್ಚಿಯಲ್ಲಿ ಕೂರಬೇಕು ಅಂತ ಕೇಳುವ ಮುಖ ನನಗಿಲ್ಲ. ಆದರೂ ಒಂದು ಕೆಲಸ ಶುರು ಮಾಡಿದ್ದೇನೆ. ಅಗಲವಾದ ಮರದ ತಟ್ಟೆಗೆ ಕುಂಬಾರರ ಮಣ್ಣು ತುಂಬಿ ಎಲ್ಲರನ್ನೂ ಕೂರಿಸುತ್ತಿದ್ದೇನೆ. ಭಾರ ಎಲ್ಲಿ ಬೀಳುತ್ತದೋ ಅಲ್ಲಿ ಗುಳಿ. ಆ ಗುಳಿಯ ಅಚ್ಚು ತೆಗೆದು ಅದಕ್ಕೆ ತಕ್ಕ ಹಾಗೆ ದಿಂಬು ಕೊರೆದರೆ ಭಾರ ಎಲ್ಲ ಕಡೆ ಹಂಚಿಹೋಗುತ್ತದೆ. ಮುನೀಶ್ ತನ್ನದನ್ನು ನೋಡಿ "ಫೋಟೋ ಥರ ಬಂದಯ್ತೆ, ಫ್ರೇಮ್ ಹಾಕ್ಸಣ್ಣ" ಅಂದ. ನಗಲಿಕ್ಕೆ ಆಗಲಿಲ್ಲ.

ಗಾಯ ಪೂರ್ತಿ ಮಾಗಲಿ. ಡಾಕ್ಟರು ಕೂರಬಹುದು ಅಂದಮೇಲೆ, ನಿಮಗೂ ಮನಸ್ಸಿದ್ದರೆ ತಟ್ಟೆ ಕಳಿಸುತ್ತೇನೆ. ಇಲ್ಲವೆಂದರೂ ಸರಿ.

ಕೊಂಡಪ್ಪ


5 ಫೆಬ್ರವರಿ 2025

ಕೊಂಡಪ್ಪಣ್ಣನಿಗೆ,

ಮನೆಗೆ ಬಂದಿದ್ದೇನೆ. ಗಾಯ ಮುಚ್ಚಿದೆ. ಅಲ್ಲಿ ಚರ್ಮ ಹೊಸದು, ತೆಳುವಾಗಿದೆಯಂತೆ. ಅಮ್ಮ ದಿನಾ ನೋಡುತ್ತಾಳೆ. ಸ್ವಲ್ಪ ಸ್ವಲ್ಪ ಹೊತ್ತು ಕೂರಬಹುದು ಎಂದಿದ್ದಾರೆ. ಕೂತಾಗ ಆಗಾಗ ಕೈಯೂರಿ ಮೈಯನ್ನು ಎತ್ತಿ ಇಳಿಸಬೇಕು.

ನಾನು ಹೇಳಿಕಳಿಸಿದ ತಟ್ಟೆ ಬಂತು. ಅಪ್ಪ ಸಂತೆಗೆ ಹೋಗಿದ್ದಾಗ ಅಮ್ಮ ಮತ್ತು ಪಕ್ಕದ ಮನೆಯ ಭಾಗೀರಥಮ್ಮ ನನ್ನನ್ನು ಎತ್ತಿ ಮಣ್ಣಿನ ಮೇಲೆ ಕೂರಿಸಿದರು. "ಹೊಸ ಮಡಿಕೆ ಮಾಡ್ತಾ ಇದೀವೇನೇ ನಿನ್ನ?" ಎಂದು ಭಾಗೀರಥಮ್ಮ ನಕ್ಕರು. ಎತ್ತಿದ ಮೇಲೆ ನೋಡಿದೆ. ಆರು ವರ್ಷದಿಂದ ಮೈಯ ಆ ಭಾಗ ನನಗೆ ಒಂದು ಸುದ್ದಿಯನ್ನೂ ಕಳಿಸಿರಲಿಲ್ಲ. ಮಣ್ಣಿನಲ್ಲಿ ಎಡಗಡೆ ಆಳದ ಗುಳಿ, ಬಲಗಡೆ ಬರೀ ತೇಲಿಸಿದಂತಿದೆ. ನಾನು ವಾಲಿಕೊಂಡು ಕೂರುತ್ತೇನೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ನೆಟ್ಟಗೆ ಕೂತಿದ್ದೇನೆ ಅಂದುಕೊಂಡಿದ್ದೆ.

ಒದ್ದೆ ಗೋಣಿ ಹೊದಿಸಿ ವಾಪಸ್ಸು ಕಳಿಸಿದ್ದೇನೆ. ಮುನೀಶ್ ಕುರ್ಚಿಯನ್ನೂ ಕೊಟ್ಟಿಗೆಯಿಂದ ಎತ್ತಿಕೊಂಡು ಹೋದ. ಸಂಜೆ ಅಪ್ಪನಿಗೆ ಗೊತ್ತಾಯಿತು. "ಆ ಯಮನ ವಾಹ್ನ ಇನ್ನೊಂದ್ ಸಲ ಈ ಮನೆ ಹೊಸಲು ದಾಟಿದ್ರೆ ನಾನೇ ಸೀಮೆಣ್ಣೆ ಸುರೀತೀನಿ" ಅಂದರು. ನಾನು ತೋಟಕ್ಕೆ ಹೋಗಿಯೇ ಹೋಗುತ್ತೇನೆ ಅಂದೆ. ಅವರು ಊಟ ಮಾಡಲಿಲ್ಲ. ನನ್ನನ್ನು ಕಳೆದುಕೊಂಡೆ ಎಂದುಕೊಂಡಿದ್ದ ಮನುಷ್ಯ ಅವರು. ನನಗೆ ಅದು ತಿಳಿಯುತ್ತದೆ, ಅವರಿಗೆ ಇದು ತಿಳಿಯುವುದಿಲ್ಲ.

ವೆಂಕಟಲಕ್ಷ್ಮಿ


ಹೊಸೂರು
3 ಮಾರ್ಚ್ 2025

ತಂಗಿಗೆ,

ಶನಿವಾರ ನಿಮ್ಮ ತಂದೆ ಬಂದಿದ್ದರು. ನಿಮಗೆ ಹೇಳಿರಲಾರರು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ನನ್ನ ಮಸಾಲೆ ಹಾಕುವುದಿಲ್ಲ.

ಬಂದವರೇ ಕುರ್ಚಿಯನ್ನು ಕಾಲಲ್ಲಿ ಒದ್ದರು. "ನನ್ ಮಗಳನ್ನ ಸಾಯ್ಸಾಕ್ ಇದ್ದೆ ನೀನು. ಇನ್ನೊಂದ್ ಕಾಗ್ದ ಬರೆದ್ರೆ ಪೊಲೀಸ್‌ಗೆ ಕೊಡ್ತೀನಿ" ಅಂದರು. ನಾನು ಅಂದೆ: "ಕೊಡಿ ಯಜಮಾನ್ರೇ. ಅದಕ್ ಮುಂಚೆ ಒಂದ್ ಗಂಟೆ ಇದರಲ್ಲಿ ಕೂತ್ಕೊಳ್ಳಿ. ಹೊಸ ದಿಂಬು ಹಾಕಿದೀನಿ, ನೀವೇ ನೋಡಿ. ಒಂದೇ ಷರತ್ತು, ಸೊಂಟದಿಂದ ಕೆಳಕ್ಕೆ ಏನೂ ಅಲುಗಬಾರ್ದು. ಆಮೇಲೆ ಕಟರ್ ನಿಮ್ ಕೈಗೇ ಕೊಡ್ತೀನಿ, ತುಂಡು ತುಂಡು ಮಾಡಿ." ಹಟಕ್ಕೆ ಕೂತರು.

ಮುನೀಶ್ ಎದುರಿಗೆ ನಿಂತ. ಅಲುಗಿದಾಗಲೆಲ್ಲ "ಅಲುಗಿದ್ರಿ" ಅನ್ನಬೇಕು ಅಂತ ಹೇಳಿದ್ದೆ. ಕೂತು, ನಾನು ತರಿಸಿಕೊಟ್ಟ ಟೀ ಆರುವುದರೊಳಗೆ ಅವನು ಹತ್ತಾರು ಸಲ ಅಂದ. "ಎಲ್ಲಿ ಅಲುಗಿದೆ? ಸುಳ್ ಬೊಗಳ್ತೀಯ!" ಅಂದರು. ಆಮೇಲೆ ತಾವೇ ತಮ್ಮ ಕಾಲನ್ನು ನೋಡುತ್ತ ಕೂತರು. ಹೆಬ್ಬೆರಳು ತಾನಾಗೇ ಆಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮುನೀಶ್ ಏನೂ ಅನ್ನಬೇಕಾಗಲಿಲ್ಲ, ಅವರೇ "ಅಲುಗಿದೆ" ಅನ್ನತೊಡಗಿದರು, ಮೆಲ್ಲಗೆ. ಮುಖದಲ್ಲಿ ಬೆವರು. "ಉರೀತದಪ್ಪ" ಅಂದರು. "ಅವ್ಳಿಗೆ ಉರಿಯೋದೂ ಇಲ್ವಲ್ಲ."

ಅಷ್ಟರಲ್ಲಿ ಓಣಿಗೆ ಪೈಪಿನ ಲಾರಿ ಬಂತು. ದಾರಿಗೆ ಅಡ್ಡ ಇದ್ದರು. ಮುನೀಶ್ ರೂಢಿಯಂತೆ ಹಿಂದೆ ಹೋದ, ಹಿಡಿಗೆ ಕೈ ಹಾಕಿದ, ಸರ್ರನೆ ಎಳೆದು ಗೋಡೆಗೆ ಒತ್ತಿ ಇಟ್ಟ. ನಾನು ಹೇಳಿಕೊಟ್ಟಿದ್ದಲ್ಲ, ಆಣೆ ಮಾಡುತ್ತೇನೆ. ನಿಮ್ಮ ತಂದೆ ಕೂಗಿದ ಕೂಗಿಗೆ ಗ್ರೈಂಡರ್ ನಿಂತಿತು.

"ಯಾವನ್ಲಾ ಅವ್ನು! ತಳ್ಳು ಅಂದ್ನಾ ನಾನು? ನನ್ನ ಕೇಳ್ದೆ ಹೆಂಗ್ಲಾ ಮುಟ್ದೆ?"

"ಲಾರಿ ಬಂತಲ್ಲ ತಾತ..."

"ಬರ್ಲಿ! ಬಾಯಿಲ್ವಾ ನಿಂಗೆ? ನಾನೇನ್ ಮೂಟೆನಾ?"

ಲಾರಿಯವನು ಹಾರನ್ ಕೂಡ ಹೊಡೆಯಲಿಲ್ಲ. ಅವರು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೂತಿದ್ದರು, ಇಟ್ಟ ಹಾಗೆ. "ನನ್ ಮಗಳೂ ಹಿಂಗೇ ಅಂದಿದ್ಲು" ಅಂದರು. "ಕೋಪ ಜಾಸ್ತಿ ಇವ್ಳಿಗೆ ಅನ್ಕೊಂಡಿದ್ದೆ."

ನನಗೆ ಹೇಳಲಿಕ್ಕೆ ಬೇಕಾದಷ್ಟಿತ್ತು. ಬಾಯಿ ಮುಚ್ಚಿಕೊಂಡಿದ್ದೆ. ಈ ಜನ್ಮದಲ್ಲಿ ಖರ್ಚಿಲ್ಲದೆ ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಎದ್ದು, ಮಂಡಿ ನೀವಿಕೊಂಡು, ಹಿಡಿಯ ಕಡೆ ಕೈ ತೋರಿಸಿ "ಕೊಯ್ದಾಕು ಅದನ್ನ" ಅಂದರು. ಕೊಯ್ದೆ. ಕಿಡಿ ಹಾರುವಾಗ ಬೇರೆ ಕಡೆ ನೋಡುತ್ತಿದ್ದರು. ಬಸ್ಸಿಗೆ ಹೊರಟಾಗ ಮಾತ್ರ ಕೇಳಿದರು: "ಹಳ್ಳದಾಗೆ ಸಿಕ್ಕಾಕೊಂಡ್ರೆ?" ಗೊತ್ತಿಲ್ಲ ಅಂದೆ. ಅದು ನಿಜವಾದ ಉತ್ತರ.

ಅಡ್ಡಪೈಪು ತೆಗೆದಿದ್ದೇನೆ. ದಿಂಬು ನಿಮ್ಮ ಮಣ್ಣಿನ ಅಚ್ಚಿನದು, ಬಲಗಡೆ ಎತ್ತರ ಕೊಟ್ಟಿದ್ದೇನೆ. ಕೈಯೂರಿ ಏಳಲಿಕ್ಕೆ ಪಕ್ಕದ ಪಟ್ಟಿ ಗಟ್ಟಿ ಮಾಡಿದ್ದೇನೆ. ಮೊದಲ ವಾರ ಸ್ವಲ್ಪ ಸ್ವಲ್ಪವೇ ಕೂರಿ, ದಿನಾ ಅಮ್ಮ ನೋಡಲಿ. ಕೆಂಪು ಕಂಡರೆ ಅವತ್ತೇ ನಿಲ್ಲಿಸಿ ನನಗೆ ತಿಳಿಸಿ. ಈ ಸಲ ಎಷ್ಟು ಹೊತ್ತು ಬೇಕಾದರೂ ಅನ್ನುವುದಿಲ್ಲ.

ಕೊಂಡಪ್ಪ


23 ಮಾರ್ಚ್ 2025

ಕೊಂಡಪ್ಪಣ್ಣನಿಗೆ,

ಕೆಂಪಾಗಿಲ್ಲ. ಎರಡು ವಾರ ಅಂಗಳದಲ್ಲೇ ಓಡಿಸಿದೆ. ಅಮ್ಮ ದಿನಾ ನೋಡಿದಳು. ಅಪ್ಪ ಕುರ್ಚಿಯ ಬಗ್ಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ನಿಮ್ಮ ಕಾಗದ ಬಂದದ್ದು ಅವರಿಗೆ ಗೊತ್ತು. ಏನು ಬರೆದಿದ್ದಾರೆ ಎಂದು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಹೊರಟೆ. ಅಪ್ಪ ಮನೆಯಲ್ಲಿ ಇರಲಿಲ್ಲ. ಬದುವಿನ ದಾರಿ ಚೆನ್ನಾಗಿತ್ತು. ಹಳ್ಳದಲ್ಲಿ ನೀರಿಲ್ಲ, ಆದರೆ ಯಾರೋ ಮರಳು ತೆಗೆದು ದಾರಿಯ ಮಧ್ಯೆ ಸುರಿದಿದ್ದರು. ಮುಂದಿನ ಗಾಲಿ ಹೂತುಹೋಯಿತು. ಸನ್ನೆಗೋಲು ತಳ್ಳಿದಷ್ಟೂ ಹಿಂದಿನವೂ ಇಳಿದವು. ತಲೆಯೆತ್ತಿದರೆ ಆಚೆ ದಡದಲ್ಲಿ ಅಪ್ಪ. ಸುತ್ತುದಾರಿಯಲ್ಲಿ ನನಗಿಂತ ಮುಂಚೆಯೇ ಬಂದು ನಿಂತಿದ್ದಾರೆ, ಕುಡುಗೋಲು ಹಿಡಿದುಕೊಂಡು.

ನಾನು ಕರೆಯಲಿಲ್ಲ. ಅವರು ಒಂದು ಹೆಜ್ಜೆ ಇಳಿದರು. ನಿಂತರು. ಆಮೇಲೆ ನನಗೆ ಬೆನ್ನು ಮಾಡಿ ದಡದ ಮೇಲೆ ಕೂತುಬಿಟ್ಟರು. ನೋಡಿದರೆ ಓಡಿ ಬಂದುಬಿಡುತ್ತೇನೆ ಎಂದು ಇರಬೇಕು.

ಕುರ್ಚಿಯನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿದೆ. ಬಗ್ಗಿ ಕೈಯಿಂದ ಮರಳು ತೋಡಿದೆ. ಒಂದು ಸಲ ಪೂರ್ತಿ ವಾಲಿತು, ಬಿದ್ದೆನೆಂದುಕೊಂಡೆ, ಬಾಯಿಂದ ಸದ್ದು ಬಂತು. ಅವರ ಬೆನ್ನು ಅಲುಗಿತು. ತಿರುಗಲಿಲ್ಲ. ಎಷ್ಟು ಹೊತ್ತಾಯಿತೋ ಹೇಳಲಾರೆ. ಬಿಸಿಲು ಏರಿತ್ತು. ಮಧ್ಯೆ ಮೈಯೆತ್ತಿ ಇಳಿಸುವುದನ್ನು ಮಾತ್ರ ಮರೆಯಲಿಲ್ಲ. ಕಡೆಗೆ ಗಾಲಿ ಗಟ್ಟಿ ನೆಲ ಹಿಡಿಯಿತು. ದಡ ಹತ್ತಿ ಅವರ ಹಿಂದೆಯೇ ಹೋಗಿ ನಿಲ್ಲಿಸಿದೆ.

"ಅಪ್ಪಾ."

"ಹೂಂ. ಬಂದ್ಯಾ?"

"ಬಂದೆ."

"ದೇವರಾಜಂಗೆ ಏನಂತ ಹೇಳ್ಲಿ? ಮಾತ್ ಕೊಟ್ಬುಟ್ಟಿದೀನಿ."

"ನೀನೇನೂ ಹೇಳ್ಬ್ಯಾಡ. ನಾನೇ ಹೋಗಿ ಹೇಳ್ತೀನಿ."

ಆಗ ತಿರುಗಿದರು. ಅವರ ಮುಖ ಹೇಗಿತ್ತೆಂದು ಬರೆಯುವುದಿಲ್ಲ. ಮಂಡಿ ಹಿಡಿದು ಎದ್ದು, ನನ್ನ ಮುಂದೆ ತೋಟಕ್ಕೆ ಇಳಿದು, ಕುಡುಗೋಲು ಹಿಡಿದು ಕಾಯುತ್ತಾ ನಿಂತರು. ಆಮೇಲೆ ಕೇಳಿದರು:

"ಯಾವ್ ಸಾಲು ಮೊದ್ಲು?"

ನಿಮ್ಮ ತಂಗಿ,
ವೆಂಕಟಲಕ್ಷ್ಮಿ